ಎಷ್ಟು ದಿನದಿಂದ?

ಮೊನ್ನೆ ಕಪಾಟು ಸ್ವಚ್ಛಗೊಳಿಸುತ್ತಿದ್ದಾಗ ಹಳೆಯ ಪುಸ್ತಕವೊಂದು ಕೈಗೆ ಸಿಕ್ಕಿತು: ಡಾ. ಅನುಪಮಾ ನಿರಂಜನ ಅವರ ‘ಕ್ಯಾನ್ಸರ್ ಜಗತ್ತು’. ನಾನು ಹಾಕಿದ್ದ ಕಂದು ಕಾಗದದ ಬೈಂಡು ಇನ್ನೂ ಹಾಗೆಯೇ ಇತ್ತು. ಪುಸ್ತಕಗಳಿಗೆಲ್ಲ ಬೈಂಡು ಹಾಕುವುದು ನನ್ನ ಅಭ್ಯಾಸವೆಂದು ನನ್ನ ವಿದ್ಯಾರ್ಥಿಗಳೆಲ್ಲ ಬಲ್ಲರು. ಆದರೆ ಈ ಪುಸ್ತಕಕ್ಕೆ ಬೈಂಡು ಹಾಕಿದ್ದು ಅದು ಹರಿಯದಿರಲೆಂದಲ್ಲ. ಮನೆಗೆ ಬಂದವರಿಗೆ ಅದರ ಹೆಸರು ಕಾಣದಿರಲೆಂದು.

ಅನುಪಮಾ ಹುಟ್ಟಿದ್ದು 1934ರಲ್ಲಿ, ತೀರ್ಥಹಳ್ಳಿಯಲ್ಲಿ. ತಂದೆ ತಾಯಿ ಇಟ್ಟ ಹೆಸರು ವೆಂಕಟಲಕ್ಷ್ಮಿ. 1950ರ ದಶಕದಲ್ಲಿ ಅವರು ವೈದ್ಯಶಾಸ್ತ್ರ ಓದಿದ್ದು ನಮ್ಮ ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ. ಇರ್ವಿನ್ ರಸ್ತೆಯಲ್ಲಿ ಹೋಗುವಾಗಲೆಲ್ಲ, ಬಿಳಿಯ ಕೋಟು ತೊಟ್ಟ ಆ ಹುಡುಗಿ ಇದೇ ಮೆಟ್ಟಿಲು ಹತ್ತಿರಬೇಕಲ್ಲವೇ ಎಂದು ನಾನು ಕಲ್ಪಿಸಿಕೊಳ್ಳುವುದುಂಟು. ಮುಂದೆ ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ಮಾಡುತ್ತಲೇ ಅವರು ಕಾದಂಬರಿಗಳನ್ನು ಬರೆದರು, ‘ತಾಯಿ ಮಗು’ವಿನಂತಹ ಆರೋಗ್ಯದ ಪುಸ್ತಕಗಳನ್ನು ಬರೆದರು, ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ ಬರೆದರು. ಈ ಕೊನೆಯದು ನಿಮಗೆ ನೆನಪಿರಬೇಕು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಾನು ಓದಿ ಹೇಳುತ್ತಿದ್ದ ಕತೆಗಳಲ್ಲಿ ಬಹುಪಾಲು ಅದರಿಂದಲೇ ಆಯ್ದವು.

ಅವರ ‘ಮಾಧವಿ’ ಕಾದಂಬರಿಯನ್ನೂ ಓದಿದ್ದೇನೆ. ಗಾಲವನ ಗುರುದಕ್ಷಿಣೆಗಾಗಿ, ಒಂದು ಕಿವಿ ಕಪ್ಪಾದ 800 ಬಿಳಿಯ ಕುದುರೆಗಳಿಗಾಗಿ, ಯಯಾತಿಯ ಮಗಳು ಒಬ್ಬ ಅರಸನಿಂದ ಇನ್ನೊಬ್ಬನ ಬಳಿಗೆ ಹೋಗುವ ಮಹಾಭಾರತದ ಕತೆ. ಬಾಲ್ಯದಲ್ಲಿ ಅಜ್ಜಿಯಿಂದ ಅದನ್ನು ಕೇಳಿದಾಗ ನನ್ನ ನೆನಪಿನಲ್ಲಿ ಉಳಿದದ್ದು ಕುದುರೆಗಳ ಲೆಕ್ಕ ಮಾತ್ರ. ಆ ಹೆಣ್ಣಿನ ಮೈಗೆ ಏನಾಯಿತೆಂದು ಅಜ್ಜಿ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅದನ್ನು ಕೇಳಲು ವೈದ್ಯೆಯೊಬ್ಬಳು ಕಾದಂಬರಿಗಾರ್ತಿಯಾಗಬೇಕಾಯಿತು.

ನಮ್ಮ ಮನೆಯಲ್ಲಿಯೂ ಹೇಳದ, ಕೇಳದ ಕತೆಯೊಂದಿತ್ತು. ಬಂಧುಗಳಲ್ಲಿ ಕೆಲವರಿಗೆ ನಾನಿದನ್ನು ಬರೆಯುವುದು ಇಷ್ಟವಾಗದಿರಬಹುದು, ಕ್ಷಮಿಸಬೇಕು. ನನ್ನ ಅಕ್ಕ 1978ರಲ್ಲಿ ತೀರಿಕೊಂಡಳು. ಆಗ ಅವಳಿಗೆ ಮೂವತ್ತಾರು. ಎದೆಯಲ್ಲಿ ಗಂಟು ಕಾಣಿಸಿಕೊಂಡು ವರ್ಷ ಕಳೆದರೂ ಅವಳು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹೇಳಿದಾಗ ಅಮ್ಮ ಅರಿಶಿನ ಹಚ್ಚಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಮನೆಯಲ್ಲಿ ಯಾರೂ ಆ ರೋಗದ ಹೆಸರನ್ನು ಉಚ್ಚರಿಸಲಿಲ್ಲ. ‘ಅದು’ ಎನ್ನುತ್ತಿದ್ದೆವು. ಸತ್ತ ಮೇಲೆ ಬಂದವರಿಗೆ ‘ಜ್ವರ ತಲೆಗೇರಿತು’ ಎಂದೆವು. ಹಾಗೆ ಹೇಳಿದವರಲ್ಲಿ ವಿಜ್ಞಾನದ ಪದವಿ ಪಡೆದು ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನೂ ಒಬ್ಬಳು.

ಇನ್ನು ನನ್ನ ತರಗತಿಯ ಮಾತು. ಜೀವಶಾಸ್ತ್ರದಲ್ಲಿ ಹೃದಯದ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ನಿಮ್ಮ ಮಿಸ್, ಸಂತಾನೋತ್ಪತ್ತಿಯ ಪಾಠ ಬಂದೊಡನೆ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದಳು. ಮೂವತ್ತು ವರ್ಷಕ್ಕೂ ಮೀರಿ ಹೀಗೆಯೇ ನಡೆಯಿತು. ಹಿಂದಿನ ಬೆಂಚಿನಲ್ಲಿ ನೀವು ಕಿಸಕ್ಕನೆ ನಗುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಆ ನಗುವಿಗೆ ಹೆದರಿದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

2011ರ ಶ್ರಾವಣದಲ್ಲಿ, ನಿವೃತ್ತಿಗೆ ಇನ್ನೊಂದು ವರ್ಷವಿರುವಾಗ, ಸ್ನಾನ ಮಾಡುವಾಗ ನನ್ನ ಬೆರಳಿಗೂ ಒಂದು ಗಂಟು ತಾಕಿತು. ಕಡಲೆಕಾಳಿನಷ್ಟು. ನೋವಿರಲಿಲ್ಲ. ನೋವಿಲ್ಲದಿರುವುದು ಸಮಾಧಾನದ ಲಕ್ಷಣವಲ್ಲವೆಂದು ನನಗೆ ಗೊತ್ತಿತ್ತು. ಇಂತಹ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂಬುದೂ, ಪರೀಕ್ಷೆ ಮಾಡಿಸದೆ ಅದು ತಿಳಿಯದೆಂಬುದೂ ಗೊತ್ತಿತ್ತು. ಗೊತ್ತಿದ್ದೂ ನಾನು ನಲವತ್ತು ದಿನ ಯಾರಿಗೂ ಹೇಳಲಿಲ್ಲ. ವರಮಹಾಲಕ್ಷ್ಮಿ ಹಬ್ಬ ಕಳೆಯಲಿ, ಗೌರಿ ಹಬ್ಬ ಕಳೆಯಲಿ, ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮುಗಿಯಲಿ ಎಂದು ದಿನ ತಳ್ಳಿದೆ. ಅಕ್ಕ ಏಕೆ ಸುಮ್ಮನಿದ್ದಳೆಂದು ಆ ನಲವತ್ತು ದಿನಗಳಲ್ಲಿ ನನಗೆ ಅರ್ಥವಾಯಿತು. ಅದು ಅಜ್ಞಾನವಾಗಿರಲಿಲ್ಲ. ಬಾಯಿಬಿಟ್ಟ ಮರುಕ್ಷಣವೇ ಮನೆಯವರ ಮುಖ ಬದಲಾಗುವುದನ್ನು ನೋಡಬೇಕಲ್ಲ ಎಂಬ ಭಯ ಅದು.

ಕೊನೆಗೆ ಒಬ್ಬಳೇ ಆಸ್ಪತ್ರೆಗೆ ಹೋದೆ. ಎದುರಿಗೆ ಕುಳಿತಿದ್ದ ವೈದ್ಯೆ ಎದ್ದು ನಿಂತು ‘ಮಿಸ್!’ ಎಂದಳು. ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಹೋಮ್‌ವರ್ಕ್ ಮಾಡದೆ ಜ್ವರವೆಂದು ಸುಳ್ಳು ಹೇಳಿದ್ದಕ್ಕೆ ಒಮ್ಮೆ ಅವಳನ್ನು ಇಡೀ ಪೀರಿಯಡ್ಡು ನಿಲ್ಲಿಸಿದ್ದೆ. ಪರೀಕ್ಷಿಸಿದ ಮೇಲೆ ಅವಳು ಕೇಳಿದಳು, ‘ಎಷ್ಟು ದಿನದಿಂದ ಇದೆ, ಮಿಸ್?’

‘ಒಂದು ವಾರವಾಯಿತಮ್ಮ’ ಎಂದೆ.

ಅವಳು ಅದನ್ನು ಬರೆದುಕೊಂಡಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಈ ಕಂದು ಬೈಂಡಿನ ಪುಸ್ತಕವನ್ನು ತೆಗೆದೆ. ಪುಟಗಳಿಗಿಂತ ಹೆಚ್ಚಾಗಿ ಬರೆದವರ ಬಗ್ಗೆಯೇ ಯೋಚಿಸುತ್ತಿದ್ದೆ. ಅನುಪಮಾ ವೈದ್ಯೆಯಾಗಿ ರೋಗವನ್ನು ಬಲ್ಲವರು. ತಾವೇ ಕ್ಯಾನ್ಸರಿಗೆ ತುತ್ತಾಗಿ ಮೇಜಿನ ಈಚೆಯ ಕುರ್ಚಿಯಲ್ಲಿಯೂ ಕುಳಿತವರು. ಅವರ ಪತಿ ನಿರಂಜನರಿಗೆ 1970ರ ದಶಕದ ಆರಂಭದಲ್ಲಿಯೇ ಪಾರ್ಶ್ವವಾಯು ಬಡಿದಿತ್ತು. ಆ ಬಳಿಕವೇ ಪ್ರಾಚೀನ ಈಜಿಪ್ಟಿನ ಜನರ ಬಂಡಾಯವನ್ನು ಕುರಿತ ‘ಮೃತ್ಯುಂಜಯ’ ಬಂದಿತು. ದೇಶದೇಶಗಳ ಕತೆಗಳನ್ನು ಕನ್ನಡಕ್ಕೆ ತಂದ ‘ವಿಶ್ವಕಥಾಕೋಶ’ದ 25 ಸಂಪುಟಗಳೂ ಅವರ ಸಂಪಾದಕತ್ವದಲ್ಲಿ ಹೊರಬಂದವು. ಒಂದೇ ಮನೆಯಲ್ಲಿ ಎರಡು ಕಾಯಿಲೆಗಳಿದ್ದವು. ಆದರೂ ಇಬ್ಬರೂ ಲೇಖನಿ ಕೆಳಗಿಡಲಿಲ್ಲ. ಅನುಪಮಾ 1991ರಲ್ಲಿ, ತಮ್ಮ 56ನೆಯ ವಯಸ್ಸಿನಲ್ಲಿ ನಿಧನರಾದರು. ತಾವು ಬಲ್ಲ ಶಾಸ್ತ್ರವನ್ನು ಅಡುಗೆಮನೆಯ ಹೆಂಗಸಿಗೂ ತಿಳಿಯುವ ಕನ್ನಡದಲ್ಲಿ ಬರೆದಿಟ್ಟು ಹೋದರು. ಆ ಕನ್ನಡವನ್ನು ನಾನು ಕೊಂಡು ತಂದು, ಬೈಂಡು ಹಾಕಿ, ಮುಚ್ಚಿಟ್ಟಿದ್ದೆ.

ವೈದ್ಯರು ನಮ್ಮಿಂದ ಕೇಳಿ ಬರೆದುಕೊಳ್ಳುವುದಕ್ಕೆ ರೋಗಚರಿತ್ರೆ ಎನ್ನುತ್ತಾರೆ. ಯಾವಾಗ ಶುರುವಾಯಿತು, ಆಮೇಲೆ ಏನಾಯಿತು, ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತೇ? ಯಂತ್ರಗಳು ಎಷ್ಟೇ ಬಂದಿರಲಿ, ಚಿಕಿತ್ಸೆ ಮೊದಲಾಗುವುದು ಈ ಕತೆಯಿಂದಲೇ. ಅದನ್ನು ಹೇಳಬೇಕಾದವನು ರೋಗಿ. ಅವನು ಸುಳ್ಳು ಹೇಳಿದರೆ ವಿಜ್ಞಾನವೂ ಆ ಸುಳ್ಳಿನ ಮೇಲೆಯೇ ನಿಲ್ಲಬೇಕಾಗುತ್ತದೆ. ‘ಹಿಂದೆ ಯಾರಿಗಾದರೂ’ ಎಂದು ಆ ದಿನ ಅವಳು ಕೇಳಿದಾಗಲೂ ನಾನು ‘ಇಲ್ಲ’ ಎಂದಿದ್ದೆ. ಅಕ್ಕನನ್ನು ಎರಡನೆಯ ಬಾರಿ ಜ್ವರಕ್ಕೆ ಬಲಿಕೊಟ್ಟಂತಾಗಿತ್ತು.

ಬೆಳಿಗ್ಗೆ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರ ಮುಖ ನಾನು ಹೆದರಿದಂತೆಯೇ ಬದಲಾಯಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ‘ಆಟೋ ಕರೆಯಲೇ?’ ಎಂದರು. ಆಸ್ಪತ್ರೆಯಲ್ಲಿ ಆ ಹುಡುಗಿಯ ಮುಂದೆ ನಿಂತು ಹೇಳಿದೆ: ‘ಒಂದು ವಾರವಲ್ಲಮ್ಮ, ನಲವತ್ತೊಂದು ದಿನ. ನನ್ನ ಅಕ್ಕ ಇದರಿಂದಲೇ ಸತ್ತಳು.’ ಅವಳು ಬರೆದದ್ದನ್ನು ಹೊಡೆದು ಹಾಕಿ ತಿದ್ದಿ ಬರೆದಳು. ನಂತರ ಮೆಲ್ಲನೆ, ‘ಕುಳಿತುಕೊಳ್ಳಿ ಮಿಸ್, ನಾನು ನಿಮ್ಮನ್ನು ನಿಲ್ಲಿಸುವುದಿಲ್ಲ’ ಎಂದಳು. ಇಬ್ಬರೂ ನಕ್ಕೆವು.

ಶಸ್ತ್ರಚಿಕಿತ್ಸೆಯಾಯಿತು, ಔಷಧಿಗಳಾದವು, ಕೂದಲು ಉದುರಿ ಮತ್ತೆ ಬಂದಿತು. ವರ್ಷಗಳು ಕಳೆದಿವೆ. ತಪಾಸಣೆಗೆ ಹೋಗುವ ಹಿಂದಿನ ರಾತ್ರಿ ಇಂದಿಗೂ ಸರಿಯಾಗಿ ನಿದ್ರೆ ಬರುವುದಿಲ್ಲ.

ಕಂದು ಬೈಂಡನ್ನು ಮೊನ್ನೆ ಕಿತ್ತು ಹಾಕಿದೆ. ಪುಸ್ತಕ ಈಗ ಕಪಾಟಿನಲ್ಲಿ ಹೆಸರು ಕಾಣುವಂತೆ ನಿಂತಿದೆ. ನಾನು ಅಂದು ಬಿಟ್ಟು ಮುಂದೆ ಹೋದ ಪಾಠ ಇದೇ ಎಂದು ತಿಳಿಯಿರಿ. ಹೋಮ್‌ವರ್ಕ್ ಕೂಡ ಇದೆ. ಇಂದು ಸಂಜೆ ನಿಮ್ಮ ಅಮ್ಮನನ್ನೋ, ಅಕ್ಕನನ್ನೋ, ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಆರೋಗ್ಯ ಹೇಗಿದೆ ಎಂದು ಕೇಳಿ. ‘ಏನೂ ಇಲ್ಲ’ ಎಂದರೆ ಇನ್ನೊಮ್ಮೆ ಕೇಳಿ. ‘ಒಂದು ವಾರದಿಂದ’ ಎಂದರೆ ಮೂರನೆಯ ಬಾರಿಯೂ ಕೇಳಿ.