ಹಲ್ಲುಗಾಲಿಗೆ ತಕ್ಕ ಸ್ನೇಹ

ಸಂಸ್ಕೃತದಲ್ಲಿ ಸ್ನೇಹವೆಂದರೆ ಒಲುಮೆ. ಸ್ನೇಹವೆಂದರೆ ಎಣ್ಣೆಯೂ ಹೌದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಎರಡರ್ಥಗಳನ್ನು ಮಕ್ಕಳಿಗೆ ಹೇಳಿಕೊಟ್ಟ ನಾನು ಅವುಗಳಲ್ಲಿ ಎರಡನೆಯದನ್ನು ನಿಜವಾಗಿ ಕಲಿತದ್ದು ನಿವೃತ್ತನಾದ ಮೇಲೆ, ಅದೂ ಆಗುಂಬೆಯ ಘಟ್ಟದಲ್ಲಿ.

ನನ್ನ ಹಳೆಯ ಮೋಟಾರು ಕೈಯಿಂದ ಗೇರು ಬದಲಿಸುವ ಬಗೆಯದು. ಮಾಗಿಯ ಬೆಳಗುಗಳಲ್ಲಿ ತೀರ್ಥಹಳ್ಳಿಯ ಚಳಿಗೆ ಅದರ ಗೇರುಕೋಲು ತುಸು ಬಿಗಿಯಾಗುತ್ತಿತ್ತು. ಎರಡು ಮೈಲಿ ಓಡಿದರೆ ಸಡಿಲುತ್ತಿತ್ತು. ಹೊಸ ಎಣ್ಣೆ ಹಾಕಿಸೋಣವೆಂದು ಅಂಗಡಿಗೆ ಹೋದೆ. ಒಂದು ಡಬ್ಬಿಯ ಮೇಲೆ ‘ಜಿ.ಎಲ್. ೪’ ಎಂದೂ ಮತ್ತೊಂದರ ಮೇಲೆ ‘ಜಿ.ಎಲ್. ೫’ ಎಂದೂ ಬರೆದಿತ್ತು. ಆಯುಷ್ಯವೆಲ್ಲ ಅಂಕಗಳನ್ನು ಕೊಟ್ಟವನಿಗೆ ನಾಲ್ಕಕ್ಕಿಂತ ಐದು ಮೇಲೆಂಬುದರಲ್ಲಿ ಸಂಶಯವೆಲ್ಲಿಯದು? ಐದನ್ನೇ ತಂದು ತುಂಬಿಸಿದೆ.

ಕೆಲವು ತಿಂಗಳಲ್ಲಿ ಬಿಗಿತ ಇನ್ನೂ ಹೆಚ್ಚಿತು. ನಾನು ತೋಳಿನ ಬಲವನ್ನು ಹೆಚ್ಚಿಸಿದೆ. ಹೀಗಿರಲು ಒಂದು ದಿನ ಮನೆಯಾಕೆಯ ಕಣ್ಣಿನ ಚಿಕಿತ್ಸೆಗೆಂದು ಮಣಿಪಾಲಕ್ಕೆ ಹೊರಟೆವು. ಘಟ್ಟವಿಳಿಯುವಾಗ ಮೂರನೆಯ ಗೇರಿನಿಂದ ಕೋಲನ್ನೆಳೆದರೆ ಎರಡನೆಯದು ಒಳಹೋಗಲೊಲ್ಲದು. ಅದೂ ಇಲ್ಲ, ಇದೂ ಇಲ್ಲ, ಎದುರಿಗೆ ತಿರುವು. ಬರಿಯ ಬ್ರೇಕಿನ ಮೇಲೆ ಗಾಡಿಯನ್ನು ಬಂಡೆಯ ಬದಿಗೆ ತಂದು ನಿಲ್ಲಿಸುವಷ್ಟರಲ್ಲಿ ಅಂಗೈ ಬೆವೆತಿತ್ತು. ಕಣ್ಣಿಗೆ ಪೊರೆ ಬಂದಿದ್ದ ಆಕೆ, “ಯಾಕೆ ನಿಲ್ಲಿಸಿದಿರಿ?” ಎಂದಳು. “ಏನಿಲ್ಲ, ನೀರು ಕುಡಿಯೋಣ” ಎಂದೆ. ಬಳಿಕ ಮೊದಲನೆಯ ಗೇರಿನಲ್ಲೇ ತೆವಳುತ್ತ ಇಳಿದೆವು.

ಊರಿಗೆ ಮರಳಿ ಗಾಡಿಯನ್ನು ಮೆಕ್ಯಾನಿಕನಲ್ಲಿಗೆ ಒಯ್ದೆ. ಸಂಧಿ ಬಿಡಿಸಲಾರದೆ ನನ್ನ ತರಗತಿಯಲ್ಲಿ ಎರಡು ಸಲ ನಪಾಸಾದ ಶಿಷ್ಯ ಅವನು. ಎಂಜಿನ್ನು ಓಡುತ್ತಿರಲು ಕ್ಲಚ್ಚನ್ನೊತ್ತಿ, ಸ್ವಲ್ಪ ತಡೆದು, ರಿವರ್ಸ್ ಗೇರು ಹಾಕಿದ, ಸದ್ದಾಗಲಿಲ್ಲ. “ಕ್ಲಚ್ಚಿನ ತಪ್ಪಿಲ್ಲ ಸಾರ್. ಎಣ್ಣೆ ಯಾವುದು ಹಾಕಿಸಿದ್ರಿ?” ಎಂದ. ಹೆಮ್ಮೆಯಿಂದ ಹೇಳಿದೆ. ಅವನು ನಗಲಿಲ್ಲ, ಅದು ಅವನ ದೊಡ್ಡತನ.

ಅವನು ತಿಳಿಸಿದ್ದರ ಸಾರವಿದು: ಗೇರು ಕೂಡುವ ಮುನ್ನ, ತಿರುಗುವ ಎರಡು ಭಾಗಗಳ ವೇಗ ಸಮವಾಗಬೇಕು. ಆ ಕೆಲಸ ಒಂದು ಹಿತ್ತಾಳೆಯ ಬಳೆಯದು. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಮೋಟಾರುಗಳಲ್ಲಿ ಮೊದಲು ಬಂದ ಸಿಂಕ್ರೋಮೆಶ್ ಎಂಬ ಏರ್ಪಾಡಿನ ಜೀವಾಳ ಇಂಥ ಉಜ್ಜುವಿಕೆಯೇ. ಉಜ್ಜುವುದಕ್ಕೆ ತುಸು ಹಿಡಿತ ಬೇಕು. ಐದನೆಯ ವರ್ಗದ ಎಣ್ಣೆ ಲಾರಿಗಳ ಹಿಂದಿನ ಅಚ್ಚಿನಂಥ ಕಡೆ, ಭಾರ ಹೊತ್ತು ಜಾರುವ ಹಲ್ಲುಗಳಿಗಾಗಿ ಮಾಡಿದ್ದು. ಅದರಲ್ಲಿ ಗಂಧಕ ರಂಜಕಗಳ ಬೆರಕೆ ಹೆಚ್ಚು. ಆ ಜಾರಿಕೆಯಲ್ಲಿ ಬಳೆಗೆ ಹಿಡಿತ ದೊರೆಯದು. ಕಾದಾಗ ಅಂಥ ಕೆಲವು ಎಣ್ಣೆಗಳು ಹಿತ್ತಾಳೆಯನ್ನೇ ತಿನ್ನುವುದೂ ಉಂಟು. ನಾಲ್ಕು ಐದುಗಳು ಪರೀಕ್ಷೆಯ ಅಂಕಗಳಲ್ಲ. ಬೇರೆಬೇರೆ ಕೆಲಸಗಳ ಗುರುತುಗಳು.

ತುಂಬುವ ತಿರುಪು ಸಡಿಲುವುದನ್ನು ಖಚಿತಮಾಡಿಕೊಂಡೇ ಅವನು ಕೆಳಗಿನ ತಿರುಪನ್ನು ಬಿಚ್ಚಿದ. ಇಲ್ಲವಾದರೆ ಹಳೆಯದು ಹೋಗಿ ಹೊಸದು ಸೇರದ ಫಜೀತಿ. ಹೊರಬಂದ ಎಣ್ಣೆಯಲ್ಲಿ ಹೊನ್ನಿನ ಪುಡಿಯಂತೆ ಹಿತ್ತಾಳೆ ಮಿನುಗಿತು. ಬಳೆಗಳು ಪೂರ್ತಿ ಸವೆದಿರಲಿಲ್ಲವೆಂಬುದು ನಮ್ಮ ಪುಣ್ಯ.

“ಗಾಡಿಯ ಜತೆ ಬಂದ ಪುಸ್ತಕ ಎಲ್ಲಿ ಸಾರ್?” ಎಂದ. ಪೆಟ್ಟಿಗೆಯಲ್ಲಿತ್ತು, ಲಕೋಟೆಯನ್ನೇ ಒಡೆದಿರಲಿಲ್ಲ. ವ್ಯಾಖ್ಯಾನ ಬಿಟ್ಟು ಮೂಲವನ್ನೋದಿರೆಂದು ಮಕ್ಕಳನ್ನು ಗದರಿಸಿದವನು ನಾನೇ! ಅದರಲ್ಲಿ ಸ್ಪಷ್ಟವಾಗಿತ್ತು: ಜಿ.ಎಲ್. ೪, ೭೫ ಡಬ್ಲ್ಯು ೯೦. ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣ. ಅದು ಕಿರಿದಾದಷ್ಟೂ ಬೆಳಗಿನ ಬಿಗಿತ ಕಡಿಮೆ. ಎರಡನೆಯದು ಕಾದಾಗ ಉಳಿಯುವ ಮಂದತೆ. ಎಲ್ಲ ಗಾಡಿಗೂ ಇದೇ ಎಂದಲ್ಲ. ಕೆಲವಕ್ಕೆ ಇನ್ನೂ ತೆಳುವಾದ ದ್ರವವನ್ನು ವಿಧಿಸಿರುತ್ತಾರೆ. ಆಯಾ ಪುಸ್ತಕವೇ ಪ್ರಮಾಣ.

ಮುಂದಿನ ತಿಂಗಳು ಮತ್ತೆ ಘಟ್ಟವಿಳಿದೆವು. ಎರಡು ಬೆರಳಿಗೆ ಗೇರು ಸೇರಿತು. ಹೊಸ ದೃಷ್ಟಿ ಬಂದಿದ್ದ ಮನೆಯಾಕೆ ಹೊರಗೆ ನೋಡುತ್ತ ಮೆಲ್ಲನೆಂದಳು: “ಇವತ್ತು ಇಲ್ಲಿ ನೀರು ಕುಡಿಯೋದಿಲ್ಲವೆ?”