ದಿವಾ ಬರುವುದರೊಳಗೆ

ಶನಿವಾರ ಸಂಜೆ ಕುಮಟಾದಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತುವಾಗ ನನ್ನ ಚೀಲದಲ್ಲಿದ್ದದ್ದು ಎರಡು ಸೀರೆ, ಕಲ್ಯಾಣದಲ್ಲಿರುವ ಅಕ್ಕನ ಮಗನಿಗೆಂದು ಒಂದು ಡಬ್ಬಿ ಒಣ ಸಿಗಡಿ ಚಟ್ನಿ, ಮತ್ತು 312 ಪುಟಗಳ ಒಂದು ಕಾದಂಬರಿ. ಡೊಂಬಿವಲಿಯ ಕನ್ನಡಿಗರು ಭಾನುವಾರ ಬರಹಗಾರರ ಸಮಾವೇಶ ಇಟ್ಟುಕೊಂಡಿದ್ದರು. ಪ್ರಕಾಶಕರೂ ಬರುತ್ತಾರೆ, ಹಸ್ತಪ್ರತಿ ಇದ್ದವರು ತನ್ನಿ, ಹತ್ತು ನಿಮಿಷ ಮಾತಾಡಬಹುದು ಎಂದು ಕರೆಯೋಲೆಯಲ್ಲಿತ್ತು. ಕಾದಂಬರಿಯನ್ನು ಹೀಗೆ ಎದುರು ಕೂತು ಒಪ್ಪಿಸುವ ರೂಢಿ ನಮ್ಮಲ್ಲಿ ಎಲ್ಲಿದೆ? ಅಂಚೆಗೆ ಹಾಕುತ್ತೇವೆ, ಸ್ಪರ್ಧೆಗೆ ಕಳಿಸುತ್ತೇವೆ, ಇಲ್ಲವೆ ಪರಿಚಯದವರಿಂದ ಒಂದು ಮಾತು ಹೇಳಿಸಿ ಆರು ತಿಂಗಳು ಸುಮ್ಮನಿರುತ್ತೇವೆ. ಇದಾದರೋ ಹೆಣ್ಣು ತೋರಿಸುವ ಶಾಸ್ತ್ರ. ಉಪ್ಪಿಟ್ಟು ಅವರದು, ಹೆಣ್ಣು ನನ್ನದು.

ಬೆಳಗಿನ ಜಾವ ಪನವೇಲ್ ದಾಟಿ, 1916ರ ಪಾರ್ಸಿಕ್ ಸುರಂಗದ ಕತ್ತಲೆಯಲ್ಲಿ ತೂರಿ ಥಾಣೆಗೆ ಇಳಿದೆ. ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ 34 ಕಿಲೋಮೀಟರ್ ಓಡಿ ನಿಂತದ್ದು ಇಲ್ಲಿ, 1853ರ ಏಪ್ರಿಲ್ 16ರಂದು. ಅದೇ ರೈಲು ಕುಮಟಾಕ್ಕೆ ಬರಲು ಮುಂದೆ ನೂರ ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು! ಮಾಸುಂದಾ ಕೆರೆಯ ಕಟ್ಟೆಯ ಮೇಲೆ ಕೂತು ಕೊಪಿನೇಶ್ವರನ ಗಂಟೆ ಕೇಳುತ್ತೇನೆ. ಇದು ಶಿಲಾಹಾರರ ಶ್ರೀಸ್ಥಾನಕ. ನಮ್ಮ ಮಳಖೇಡದ ರಾಷ್ಟ್ರಕೂಟರ ಸಾಮಂತರಾಗಿದ್ದವರ ಊರಿನಲ್ಲಿ ಬೆಳಗಿನ ಚಹಾ ಕುಡಿಯುತ್ತಿದ್ದೇನೆಂದು ಒಳಗೊಳಗೇ ಬೀಗುತ್ತೇನೆ. ಆ ಬೀಗು ಮಾಮಲೆದಾರ ಮಿಸಳ್ ಬಾಯಿಗಿಡುವವರೆಗೆ ಮಾತ್ರ. ಬೆಳಗಿಗೆ ಅವಲಕ್ಕಿ-ಮೊಸರು ಕಂಡ ನಾಲಗೆಗೆ ಆ ಕೆಂಪು ರಸ ತಾಗಿದ್ದೇ ಕಣ್ಣು, ಮೂಗು ಒಟ್ಟಿಗೇ ಸುರಿದವು. ಪಕ್ಕದಲ್ಲಿ ಆರು ವರ್ಷದ ಹುಡುಗನೊಬ್ಬ ಎರಡನೇ ಸಲ ರಸ ಹಾಕಿಸಿಕೊಳ್ಳುತ್ತಿದ್ದ.

ಅಲ್ಲಿಂದ ಸ್ಲೋ ಲೋಕಲ್, ಲೇಡೀಸ್ ಡಬ್ಬಾ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತೆ, ಉಳಿದರ್ಧ ಗಾಳಿಯಲ್ಲಿ. ಕ್ಲಿಪ್ಪು-ಟಿಕಲಿ ಮಾರುವ ಹುಡುಗಿ ನನ್ನ ಮಂಡಿಯ ಮೇಲೆಯೇ ಅಂಗಡಿ ಹರಡಿದಳು. ಪಕ್ಕದವಳು ನನ್ನ ಚೀಲದಿಂದ ಇಣುಕಿದ ಕನ್ನಡ ಅಕ್ಷರ ನೋಡಿ, "ಅಕ್ಕಾ, ಊರೆಲ್ಲಿ?" ಎಂದಳು. ಕಾಪುವಿನ ಕಡೆಯವಳು, ಗಂಡನದು ಹೋಟೆಲು. ಕಾದಂಬರಿ ಎಂದದ್ದೇ ಮುಖ ಅರಳಿತು. "ಕಥೆ ಹೇಳಿ ಅಕ್ಕಾ. ಬೇಗ ಹೇಳಿ, ನಾನು ದಿವಾದಲ್ಲಿ ಇಳಿಯುವವಳು."

ಶುರು ಮಾಡಿದೆ. ಅಘನಾಶಿನಿ ನದಿ, ಅದರ ದಂಡೆಯ ಗಜನಿ ಭೂಮಿ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ. ಕಳವಾ ಹೋಯಿತು. ಅಜ್ಜ ಗೇಣಿಗೆ ಹಿಡಿದದ್ದು, ಒಡೆಯರು, ಟೆನೆನ್ಸಿ ಕಾಯಿದೆ. ಮುಂಬ್ರಾ ಬಂತು, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಖಾಡಿ, ಅದರಂಚಿಗೆ ನಮ್ಮೂರಿನ ಕಾಂಡ್ಲಾವನವೇ! ಅದನ್ನು ನೋಡುತ್ತ ಎರಡು ಕ್ಷಣ ಮೈಮರೆತೆ. ಅಜ್ಜನ ಮದುವೆಗೆ ಬರುವಷ್ಟರಲ್ಲಿ ಆಕೆ ಎದ್ದು ಬಾಗಿಲ ಕಂಬ ಹಿಡಿದಿದ್ದಳು. "ಇನ್ನೂ ಕಥೆ ಶುರುವೇ ಆಗಲಿಲ್ಲವಲ್ಲ ಅಕ್ಕಾ" ಎಂದು ನಕ್ಕು ದಿವಾದ ಜನದಲ್ಲಿ ಕರಗಿದಳು. ಎಂಟು ವರ್ಷ ಬರೆದ ಕಾದಂಬರಿಗೆ ಸಿಕ್ಕ ಮೊದಲ ವಿಮರ್ಶೆ ಇದು. ನಿಜವೂ ಹೌದು. ಕೋಪರ್ ದಾಟುವಾಗ ಅಜ್ಜನನ್ನೂ ಅವನ ಮದುವೆಯನ್ನೂ ಮನಸ್ಸಿನಲ್ಲೇ ಹೊಡೆದುಹಾಕಿ, ಗಜನಿಯ ಕಟ್ಟೆ ಒಡೆದ ರಾತ್ರಿಯಿಂದ ಮಾತು ಹೂಡಬೇಕೆಂದು ನಿಶ್ಚಯಿಸಿದೆ.

ಡೊಂಬಿವಲಿ ಓದುವವರ ಊರು. 2017ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ಇಲ್ಲಿಯೇ ನಡೆದಿತ್ತು. ಓದಿದ ಪುಸ್ತಕ ಕೊಟ್ಟು ಬೇರೊಂದನ್ನು ಒಯ್ಯುವ ಅದಲು-ಬದಲು ಜಾತ್ರೆಯನ್ನು ಪೈ ಫ್ರೆಂಡ್ಸ್ ಲೈಬ್ರರಿಯವರು ನಡೆಸುತ್ತಾರೆ. ಕುಮಟಾದಲ್ಲಿ ಹಾಗೆ ಮಾಡಿದರೆ ಕೊಡುವವರು ಬಹಳ ಬಂದಾರು.

ಸಭೆ ಹತ್ತಕ್ಕೆ ಎಂದಿತ್ತು, ದೀಪ ಹಚ್ಚಿದ್ದು ಹನ್ನೊಂದೂಕಾಲಿಗೆ. ಅಷ್ಟರಮಟ್ಟಿಗೆ ಊರಲ್ಲೇ ಇದ್ದಂತಾಯಿತು. ವೇದಿಕೆಯ ಮೇಲೆ ಅಚ್ಚ ಕನ್ನಡ, ಚಹಾದ ಹೊತ್ತಿಗೆ ತುಳು, ಮಕ್ಕಳ ಫೋನು ಬಂದರೆ ಮರಾಠಿ, ಅಡುಗೆಯವನಿಗೆ ಹಿಂದಿ. ಹಿರಿಯರೊಬ್ಬರು ಮುಂಬಯಿ ಕನ್ನಡದ ಕಥೆ ಹೇಳಿದರು: 1951ರಲ್ಲಿ ಗೋವಿಂದ ಪೈಗಳ ಅಧ್ಯಕ್ಷತೆಯ ಸಾಹಿತ್ಯ ಸಮ್ಮೇಳನ, ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ಅಕಾಡೆಮಿ ಪ್ರಶಸ್ತಿ, ಹಗಲು ಕಪ್ಪು ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹೋಟೆಲ್ ಹುಡುಗರು. ನಮ್ಮ ಹನೇಹಳ್ಳಿಯ ಚಿತ್ತಾಲರ ‘ಶಿಕಾರಿ’ಯ ಹೆಸರು ಬಂದಾಗ, ನಾನೇ ಬರೆದೆನೇನೋ ಎಂಬಂತೆ ನೆಟ್ಟಗೆ ಕೂತೆ.

ಊಟವಾದ ಮೇಲೆ ನನ್ನ ಸರದಿ. ಕಟ್ಟೆ ಒಡೆದ ರಾತ್ರಿಯನ್ನು ಉಸಿರು ಕಟ್ಟಿ ಹೇಳಿ ಮುಗಿಸಿದೆ. ಪ್ರಕಾಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣು ತೇವವಾಯಿತೆಂದೇ ತಿಳಿದೆ.

"ಎಷ್ಟು ಪುಟ ಮೇಡಂ?"

"ಮುನ್ನೂರ ಹನ್ನೆರಡು."

"ಇನ್ನೂರರೊಳಗೆ ಬಂದರೆ ನೋಡಬಹುದು, ಕಾಗದದ ರೇಟು ಗೊತ್ತಲ್ಲ. ನುಡಿಯಲ್ಲಿದೆಯೋ ಯೂನಿಕೋಡಿನಲ್ಲೋ? ಮುನ್ನುಡಿ ಯಾರಿಂದ ಬರೆಸುತ್ತೀರಿ?" ಆಮೇಲೆ ಪ್ರತಿಯನ್ನು ಮೂಗಿನ ಹತ್ತಿರ ಹಿಡಿದು, "ಇದೇನು, ಮೀನಿನ ವಾಸನೆ?" ಎಂದರು. ಚಟ್ನಿ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. "ಕಥೆ ನಡೆಯುವುದೇ ಕರಾವಳಿಯಲ್ಲಿ ಸಾರ್" ಎಂದೆ. ಒಳ್ಳೆಯ ಮನುಷ್ಯ, ಜೋರಾಗಿ ನಕ್ಕರು. ಐನೂರು ಪ್ರತಿ ಅಚ್ಚು ಹಾಕಿ, ಮಾರಿ, ದುಡ್ಡು ಎಣಿಸಬೇಕಾದವರು ಪುಟ ಕೇಳದೆ ಇನ್ನೇನು ಕೇಳಿಯಾರು?

ರಾತ್ರಿ ಕಲ್ಯಾಣ. ಆ ಹೆಸರಿಗೆ ನಮ್ಮ ಮನಸ್ಸಿನಲ್ಲಿ ಏಳುವುದು ಬಸವಣ್ಣನ ಊರು, ಇಲ್ಲಿ ಕಾಣುವುದು ಕರ್ಜತ್, ಕಸಾರಾ ಎಂದು ಹಳಿಗಳು ಕವಲೊಡೆಯುವ ದೊಡ್ಡ ಜಂಕ್ಷನ್. ಹದಿನಾಲ್ಕನೇ ಮಹಡಿಯಿಂದ ಅಕ್ಕನ ಮಗ ದುರ್ಗಾಡಿ ಕೋಟೆಯ ದೀಪ ತೋರಿಸಿದ. "ಚಿಕ್ಕಮ್ಮಾ, ಚಟ್ನಿ ಇಷ್ಟೇನಾ?" ಎಂದೂ ಕೇಳಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಲ್ಯಾಣದಲ್ಲಿ ಲೋಕಲನ್ನು ನಾನು ಹತ್ತಿದೆ ಎನ್ನುವುದು ಸುಳ್ಳು, ಹಿಂದಿನವರು ಹತ್ತಿಸಿದರು. ಥಾಣೆಯಲ್ಲಿ ಇಳಿಸಿದವರೂ ಅವರೇ. ಅಲ್ಲಿಂದ ಗಾಡಿ ಬದಲಿಸಿ ನವಿ ಮುಂಬಯಿ. ಸಿಡ್ಕೋ 1970ರಿಂದ ನಕ್ಷೆ ಹಾಕಿ ಕಟ್ಟಿಸಿದ ಊರು, ರಸ್ತೆಗಳೆಲ್ಲ ಗೆರೆ ಎಳೆದಂತೆ. ನೆರೂಳಿನ ಕೆಸರುನೀರಿನಲ್ಲಿ ಫ್ಲೆಮಿಂಗೊಗಳು. ಒಂದೆರಡಲ್ಲ, ಗುಲಾಬಿ ಸೀರೆಗಳನ್ನು ಸಾಲಾಗಿ ಒಣಗಿಸಿದ ಹಾಗೆ. ತಲೆ ಕೆಳಗೆ ಮಾಡಿ ಕೆಸರು ಸೋಸುತ್ತಲೇ ಇರುತ್ತವೆ, ಹಿಂದಿನ ಗಾಜಿನ ಕಟ್ಟಡಗಳ ಗೊಡವೆಯೇ ಅವಕ್ಕಿಲ್ಲ.

ಹಳೆಯ ಊರಿನ ಓಣಿಯಲ್ಲಿ ಒಣಮೀನು ಮಾರುವ ಅಜ್ಜಿ ಸಿಕ್ಕಳು. ಆಗ್ರಿ ಜನ. ಆಗರ ಎಂದರೆ ಅವರಿಗೂ ಉಪ್ಪಿನ ಗದ್ದೆ, ನಮ್ಮ ಸಾಣಿಕಟ್ಟೆಯಲ್ಲೂ ಅದೇ ಮಾತು. ನಗರಕ್ಕೆಂದು ಇವರ ಹೊಲ, ಆಗರಗಳೇ ಹೋದವು. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ಮುಂದಾಳತ್ವದ ಚಳವಳಿಯಲ್ಲಿ ಐವರು ರೈತರು ಗುಂಡಿಗೆ ಬಲಿಯಾದ ಮೇಲೆ, ಕೊಟ್ಟ ಜಾಗದ ಶೇಕಡಾ ಹನ್ನೆರಡೂವರೆ ಪಾಲು ಹಿಂದಿರುಗಿಸುವ ಯೋಜನೆ ಬಂತು. ನನ್ನ ಬಜಾರು ಕೊಂಕಣಿ, ಅವಳ ಮರಾಠಿ ಹೇಗೋ ಕೂಡಿದವು. ಕಟ್ಟೆ ಒಡೆದ ರಾತ್ರಿಯ ಕಥೆ ಎರಡನೇ ಬಾರಿಗೆ ಹೇಳಿದೆ. ತಕ್ಕಡಿ ಕೆಳಗಿಟ್ಟು ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ: "ಬಾಂಧ ತಾನಾಗಿ ಒಡೆಯುವುದಿಲ್ಲ ಬಾಯಿ. ಆ ರಾತ್ರಿ ಹಲಗೆ ಎತ್ತಿದವರು ಯಾರು?"

ನಾನು ಅದನ್ನು ಬರೆದೇ ಇರಲಿಲ್ಲ. ಕಾಲು ಕಿಲೋ ಒಣ ಸಿಗಡಿ ಕಟ್ಟಿಸಿಕೊಂಡು ಪನವೇಲಿನಲ್ಲಿ ಊರಿನ ರೈಲು ಹತ್ತಿದೆ. ಪ್ರಕಾಶಕರಿಗೆ ಕಳಿಸಲೆಂದು ಮೊನ್ನೆ ಯೂನಿಕೋಡಿಗೆ ಹಾಕಿದೆ. ಅಜ್ಜನ ಮದುವೆ ತೆಗೆದೂ ಈಗ 338 ಪುಟ ಆಗಿದೆ.