ಅಪ್ಪನ ಗಂಜಿಯ ಲೆಕ್ಕ

ಕಬಕದ ನಮ್ಮ ಮನೆಯಲ್ಲಿ ಇಂಗ್ಲಿಷು ಬಲ್ಲವನು ನಾನೊಬ್ಬನೇ. ಆದುದರಿಂದ ಅಪ್ಪನ ಸಕ್ಕರೆ ಕಾಯಿಲೆಯ ಗುಮಾಸ್ತಿಕೆ ನನ್ನ ಪಾಲಿಗೆ ಬಂದಿತು. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳು. ನನಗೆ ಒಬ್ಬರೇ ಸಾಕಾಗಿದ್ದಾರೆ!

ಮೊಬೈಲಿನ ಆ್ಯಪು, ‘ಅನ್ನ ಎಷ್ಟು ಬಟ್ಟಲು?’ ಎಂದು ಕೇಳುತ್ತದೆ. ಅಪ್ಪ ಉಣ್ಣುವುದೋ ಕುಚ್ಚಲಕ್ಕಿ ಗಂಜಿ. ಅದರಲ್ಲಿ ತಿಳಿಯೆಷ್ಟು, ಅಗುಳೆಷ್ಟು?

“ಎರಡೇ ಸೌಟು ಮಗಾ” ಎಂದರು. ಹಾಗೆಯೇ ಬರೆದೆ.

ಮೂರು ತಿಂಗಳ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯಲ್ಲಿ ಗುಟ್ಟು ರಟ್ಟಾಯಿತು: 9.2. ನಾನು ಗದರಿಬಿಟ್ಟೆ.

ಅಪ್ಪ ತಲೆತಗ್ಗಿಸಿದರು. “ಅಡಿಕೆ ತೋಟಕ್ಕೆ ಗೊಬ್ಬರ ಹೊತ್ತವನಿಗೆ ಎರಡು ಸೌಟು ಎಲ್ಲಿಗೆ ಸಾಕು, ಮಗಾ?”

ಆ ಗೊಬ್ಬರದ ಕೂಲಿಯಲ್ಲೇ ನನ್ನ ಕಾಲೇಜು ಫೀಸು.

ಈಗ ಮೂರು ಸೌಟು. ಮೂರನೆಯದು ಹೆಸರುಕಾಳಿನ ಗಸಿ. ಅಪ್ಪನೇ ಕರೆದು ಬರೆಸುತ್ತಾರೆ.